ಹೊಣೆ ಒಪ್ಪದೆ

ಗ್ರಿಮ್ಸ್‌ಬಿಯ ಹದಿನೇಳನೇ ನಂಬರಿನ ಮನೆ.
ಬಾಗಿಲಿಗೆ ಮೂರು ಮೆಟ್ಟಿಲು, ನಡುವಿನದು ಅಲುಗುತ್ತದೆ.
ಎಷ್ಟು ಅಲುಗುತ್ತದೆ ಎಂದು ಅಳೆಯುವುದಕ್ಕೆ
ವಿಮೆ ಕಂಪನಿ ನನಗೆ ಸಂಬಳ ಕೊಡುತ್ತದೆ.

ಹನ್ನೊಂದು ಮಿಲಿಮೀಟರ್. ಬರೆದುಕೊಂಡೆ.
ಪಾಚಿ: ಇದೆ. ಕೈಕಂಬಿ: ಇಲ್ಲ.
ಫೋಟೊ ನಾಲ್ಕು. ಒಂದರಲ್ಲಿ ನನ್ನದೇ ಬೂಟಿನ ತುದಿ.

ಡಿಸೆಂಬರಿನಲ್ಲಿ, ನೆಲದ ಮಂಜು ಇನ್ನೂ ಕರಗದ ಹೊತ್ತು,
ಅಂಚೆಯ ಕ್ಲೈವ್ ಆಸ್ಗರ್ಬಿ ಇಲ್ಲಿ ಬಿದ್ದ.
ಬಲ ಮೊಣಕಾಲ ಚಿಪ್ಪು, ಎರಡು ಹೋಳು.
ಕನ್ನಡಕ ಒಂದು, ಒಡೆದದ್ದು.
ಯಾರದೋ ಹುಟ್ಟುಹಬ್ಬದ ಕಾರ್ಡು, ತೊಯ್ದದ್ದು.
ಕಾರ್ಡಿಗೆ ಈವರೆಗೆ ಯಾರೂ ಪರಿಹಾರ ಕೇಳಿಲ್ಲ.

ಮನೆಯೊಡತಿ ಗ್ಲೆನಿಸ್ ಥ್ಯಾಕ್ರೆ
ಮೀನು ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದಳು.
ಬರಿಗಾಲಲ್ಲಿ ಓಡಿ ಬಂದು, ಅವನ ಬೋಳುತಲೆಯ ಕೆಳಗೆ
ತನ್ನ ಕೋಟು ಮಡಚಿಟ್ಟು,
ಆಂಬುಲೆನ್ಸ್ ಬರುವ ತನಕ ಐವತ್ತು ನಿಮಿಷ
ಆ ಮಂಜಿನ ಮೇಲೆ ಕೂತಿದ್ದಳು.

ಆಗ ತಾವು ಏನಾದರೂ ಹೇಳಿದಿರಾ?
ಫಾರಂನ ಹತ್ತೊಂಬತ್ತನೇ ಪ್ರಶ್ನೆ.
"ಅಯ್ಯೋ ಅಂದೆ."
ಪರವಾಗಿಲ್ಲ. ಅಯ್ಯೋಗೆ ಹೊಣೆಯಿಲ್ಲ,
ಅದು ಯಾರ ಬಾಯಿಂದಲೂ ಬರುತ್ತದೆ.
"ಕ್ಷಮಿಸು" ಅಂದಿದ್ದರೆ ಮಾತು ಬೇರೆ.

ಕಾನೂನು ಅಷ್ಟು ಕಟುಕನಲ್ಲ, ಹೇಳಬೇಕು.
ಕ್ಷಮೆ ಕೇಳಿದ ಮಾತ್ರಕ್ಕೆ ತಪ್ಪೊಪ್ಪಿದಂತಲ್ಲ ಎನ್ನುತ್ತದೆ.
ಆದರೆ ಪಾಲಿಸಿಯ ಆರನೇ ಪುಟ
ಕಾನೂನಿಗಿಂತ ಅಂಜುಬುರುಕ.
ನಾನು ಆರನೇ ಪುಟದ ನೌಕರ.

ಏಳುವಾಗ ಅವಳು ಒಂದು ಬಾಟಲಿ ತಂದಳು,
ಕಹಿ ಕಿತ್ತಳೆಯ ಮಾರ್ಮಲೇಡ್, ಇನ್ನೂ ಬೆಚ್ಚಗಿತ್ತು.
"ಪ್ರತಿ ಜನವರಿ ಅವನಿಗೆ ಒಂದು ಕೊಡುವುದು ರೂಢಿ.
ಕೊಟ್ಟುಬಿಡಿ. ಏನೂ ಹೇಳಬೇಡಿ."
ಅದೇ ಕಷ್ಟ ಮೇಡಂ, ಅಂದೆ,
ನಾವು ಸುಮ್ಮನಿದ್ದರೂ ಬಾಟಲಿ ಮಾತಾಡುತ್ತದೆ.
ಅವಳು ಅದನ್ನು ತಿರುಗಿಸಿ ನೋಡಿದಳು.
"ಬಾಯಿ ಇದೆ, ನಿಜ. ಮುಚ್ಚಳವೂ ಗಟ್ಟಿಯಾಗೇ ಇದೆ."

ನಾನು ತೆಗೆದುಕೊಂಡೆ.
ಯಾಕೆಂದು ಫೈಲಿನಲ್ಲಿ ಬರೆದಿಲ್ಲ.

ಆಮೇಲೆ ಹದಿನಾಲ್ಕು ತಿಂಗಳು.
ಎರಡು ಕಡೆಯ ವಕೀಲರು ಒಂದು ಮೊಣಕಾಲನ್ನು
ಹಿಸ್ಸೆಯ ಜಮೀನಿನಂತೆ ಹಂಚಿಕೊಂಡರು.
ಅವಳದು ನೂರಕ್ಕೆ ಎಪ್ಪತ್ತು: ಆರು ವರ್ಷದಿಂದ
"ಈ ವಾರ ಸಿಮೆಂಟು ಹಾಕಿಸುತ್ತೇನೆ" ಅಂದದ್ದಕ್ಕೆ.
ಅವನದು ಮೂವತ್ತು: ಮೆಟ್ಟಿಲು ಬಿಟ್ಟು
ಕೈಯಲ್ಲಿದ್ದ ವಿಳಾಸ ಓದುತ್ತಿದ್ದುದಕ್ಕೆ.
ಅಂಚೆಯವನು ವಿಳಾಸ ಓದದೆ ಇನ್ನೇನು ಓದಬೇಕು,
ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.
ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿಕೊಂಡೇ
ನಾನು ಮನೆಯ ಸಾಲ ತೀರಿಸಿದವನು.

ಚೆಕ್ಕಿನ ಜೊತೆ ಒಂದು ಪತ್ರ, ಮೊದಲ ಸಾಲು:
ಯಾವುದೇ ಹೊಣೆಯನ್ನು ಒಪ್ಪದೆ.
ಕ್ಲೈವ್ ಹೊಸ ಕನ್ನಡಕ ಏರಿಸಿ ಎರಡು ಸಲ ಓದಿದ,
ಸಹಿ ಮಾಡಿದ, ಕಾಲು ನೀವಿಕೊಂಡ.
"ಗ್ಲೆನಿಸ್ ಏನಾದರೂ ಅಂದಳಾ?"

ಇನ್ನೂರ ಹತ್ತು ಪುಟದ ಫೈಲು ನನ್ನ ತೊಡೆಯ ಮೇಲಿತ್ತು.
ಅಯ್ಯೋ ಅಂದಿದ್ದಾಳೆ, ಅಂದೆ.
"ಅದು ನನಗೂ ಕೇಳಿಸಿತ್ತು" ಅಂದ.
ಬಾಗಿಲ ತನಕ ಕುಂಟುತ್ತ ಬಂದು ಬೀಳ್ಕೊಟ್ಟ.

ಈಗ ಕೊಡಬಹುದು. ಕೇಸು ಮುಗಿದಿದೆ, ತಡೆಯುವವರಿಲ್ಲ.
ಆದರೆ ಇಷ್ಟು ದಿನ ಯಾಕೆ ಇಟ್ಟುಕೊಂಡೆ ಎಂದರೆ
ನಾನು ಏನಾದರೂ ಹೇಳಬೇಕಾಗುತ್ತದೆ.
ಬಾಟಲಿ ನನ್ನ ಕಾರಿನ ಡಿಕ್ಕಿಯಲ್ಲೇ ಇದೆ.
ಮೀನುಪೇಟೆಯ ತಿರುವಿನಲ್ಲಿ ಉರುಳಿ
ಸ್ಟೆಪ್ನಿಯ ಕಬ್ಬಿಣಕ್ಕೆ ಬಡಿದು
ಠಣ್ ಅನ್ನುತ್ತದೆ.