ಉಪ್ಪುನೀರು

ಶಾಖದ ಪಾಠ ನಾನೇ ಬರೆದದ್ದು,
ಒಂದು ಭಾನುವಾರ, ಪಿ.ಜೆ. ಬಡಾವಣೆಯ ಬಾಡಿಗೆ ಮಹಡಿಯಲ್ಲಿ
ಫ್ಯಾನಿನ ಕೆಳಗೆ ಕೂತು.
ಯಾರು ಬೇಕಾದರೂ ಓದಬಹುದು, ಹಂಚಬಹುದು, ತಿದ್ದಬಹುದು
ಎಂದು ಕೊನೆಗೊಂದು ಸಾಲು ಸೇರಿಸಿದ್ದೆ,
ಯಾರೂ ತಿದ್ದಲಾರರೆಂಬ ಧೈರ್ಯದಲ್ಲಿ.

ನಾನೂರು ಶಾಲೆಗಳಿಗೆ ಹೋಯಿತು.
ನಾನೂರರಿಂದ ಬಂದದ್ದು ಮುಗಿದ ಕೈಗಳ ಚಿತ್ರ,
ಸೂಪರ್ ಸರ್, ಚೆನ್ನಾಗಿದೆ ಸರ್,
ಮುಂದಿನ ಪಾಠ ಯಾವಾಗ ಸರ್.
ಹೊಗಳಿಕೆ ಸಪ್ಪೆಯೆಂದು ಗೊತ್ತಾಗಲು
ನಾಲಗೆಗೆ ಎರಡು ವರ್ಷ ಬೇಕಾಯಿತು.

ಒಂಬತ್ತನೇ ಬಿ. ಬೆಳಗಿನ ಎರಡನೇ ಪಿರಿಯಡ್ಡು.
'ಕಾದ ಮರಳಿಗೆ ಅಕ್ಕಿ ಹಾಕಿದರೆ
ಅರಳಿ ಮಂಡಕ್ಕಿಯಾಗುತ್ತದೆ'
ಎಂದು ನನ್ನ ಸಾಲನ್ನು ನಾನೇ ಓದುತ್ತಿದ್ದಾಗ
ಕಿಟಕಿ ಪಕ್ಕದ ತಸ್ಮಿಯಾ ಎದ್ದಳು:
'ಅರಳಂಗಿಲ್ಲ ಸರ್. ಸೀದು ಹೋಗ್ತತಿ.'

ಕೂತುಕೋ ಎನ್ನಲು ಬಾಯಿ ತೆರೆದಿದ್ದೆ.
ಇಪ್ಪತ್ತಮೂರು ವರ್ಷದ ಅಭ್ಯಾಸ,
ಬಾಯಿ ತಾನೇ ತೆರೆಯುತ್ತದೆ.
ಅಷ್ಟರಲ್ಲಿ ಅವಳು ಹೇಳಿ ಮುಗಿಸಿದ್ದಳು:
ಭತ್ತ ನೆನೆಹಾಕಬೇಕು, ಕುದಿಸಬೇಕು,
ಒಣಗಿಸಿ ಗಿರಣಿಗೆ ಕೊಡಬೇಕು,
ಆ ಅಕ್ಕಿಗೆ ಉಪ್ಪುನೀರು ಹಿಡಿಸಬೇಕು.
ಮರಳು ಬರೋದು ಕಟ್ಟಕಡೆಗೆ ಸರ್.
ನೀವು ಕಟ್ಟಕಡೇದಷ್ಟೇ ಬರ್ದೀರಿ.

ಬಿಸಿಯೂಟದ ಹಾಲಮ್ಮನ ಬಾಣಲೆ, ಹಾಲಮ್ಮನ ಒಲೆ,
ಹಾಲಮ್ಮನ ಬೈಗುಳ.
ನನ್ನ ಹಿಡಿ ಅಕ್ಕಿ ಕಪ್ಪಗಾಯಿತು.
ಅವಳು ಮನೆಯಿಂದ ಪೊಟ್ಟಣ ಕಟ್ಟಿ ತಂದದ್ದು
ಪಟಪಟನೆ ಎದ್ದು ಬಾಣಲೆ ತುಂಬಿ
ನಲವತ್ತೆರಡು ಮಕ್ಕಳ ಅಂಗೈಗೆ ಬಂತು.
ಒಂದು ಕಾಳು ನನ್ನ ಕನ್ನಡಕಕ್ಕೆ ಸಿಡಿಯಿತು.

ರಾತ್ರಿ ತಿದ್ದಿದೆ.
ತಿದ್ದಿದವರ ಹೆಸರು ಎಂಬ ಕಡೆ ಬೆರಳು ನಿಂತಿತು.
ನನ್ನ ಹೆಸರು ಹಾಕಿದರೆ ಕೇಳುವವರಿರಲಿಲ್ಲ.
ಅದಕ್ಕೇ ಬಹಳ ಹೊತ್ತು ನಿಂತಿತು.
ಕೊನೆಗೆ ಬರೆದೆ: ತಸ್ಮಿಯಾ, ಒಂಬತ್ತನೇ ಬಿ.
ಕಲಿಸಿದವರು: ಅವಳ ಅಜ್ಜಿ ಖೈರುನ್ನೀಸಾ,
ಮಂಡಕ್ಕಿ ಭಟ್ಟಿ, ದಾವಣಗೆರೆ.

ಅಜ್ಜಿಗೆ ಓದು ಬಾರದು. ಓದಿಸಿ ಕೇಳಿದರಂತೆ.
ಉಪ್ಪು ಇಪ್ಪತ್ತು ಗ್ರಾಂ ಎಂದಲ್ಲಿ ತಡೆದರಂತೆ:
ಮೇಷ್ಟ್ರಿಗೆ ಹೇಳು, ಮಳೆಗಾಲದ ಕೈ ಬೇರೆ,
ಬೇಸಿಗೆಯ ಕೈ ಬೇರೆ.
ಕೈಯನ್ನು ಪಾಠದೊಳಗೆ ಹೇಗೆ ಬರೆಯುವುದು?
ಮಕ್ಕಳು ತಕ್ಕಡಿ ಹೊತ್ತು ಭಟ್ಟಿಗೆ ಹೋದರು.
ಅಜ್ಜಿ ಹಿಡಿದ ಉಪ್ಪನ್ನು ಏಳು ಸಲ ತೂಗಿದರು.
ಹದಿನೆಂಟು, ಇಪ್ಪತ್ತಮೂರು, ಹತ್ತೊಂಬತ್ತು...
ಆ ಪಾಠದಲ್ಲಿ ಈಗಿರುವ ಒಂದೇ ಒಳ್ಳೆಯ ಕೋಷ್ಟಕ
ನಾನು ಮಾಡಿದ್ದಲ್ಲ.

ಆಮೇಲೆ ಯಾರಿಗೂ ಹೆದರಿಕೆ ಉಳಿಯಲಿಲ್ಲ.
ಜಗಳೂರಿನ ಓಬಣ್ಣ ಕೇಳಿದರು: ಅರಳುವುದು ಸರಿ, ಯಾಕೆ ಅರಳುತ್ತದೆ?
ಒಳಗಿನ ತೇವ ಆವಿಯಾಗುವ ಮಾತನ್ನೇ ನಾನು ಬರೆದಿರಲಿಲ್ಲ.
ನ್ಯಾಮತಿಯ ಗಂಗಾಂಬಿಕೆ ಟೀಚರು
ಶಾಖ ಎಂಬಲ್ಲೆಲ್ಲ ನಾನು ಶಾಖೆ ಎಂದದ್ದನ್ನು
ಹನ್ನೊಂದು ಕಡೆ ಹಿಡಿದರು.
ಎರಡು ವರ್ಷ ನಾನೂರು ಶಾಲೆಯ ಮಕ್ಕಳು
ಕಬ್ಬಿಣದ ಸರಳಿನಲ್ಲಿ ಸರ್ಕಾರಿ ಕಚೇರಿ ಹರಿಯುವುದನ್ನು
ಬಾಯಿಪಾಠ ಮಾಡಿದ್ದರು.

ಹೆಸರಿಲ್ಲದ ಯಾರೋ ನನ್ನ ಪೀಠಿಕೆಯನ್ನೇ ಅಳಿಸಿದರು.
ಸಿಟ್ಟು ಬಂತು. ರಾತ್ರಿ ಒಂದಕ್ಕೆ ವಾಪಸು ತಂದೆ.
ಬೆಳಿಗ್ಗೆ ಚಹಾ ಕುಡಿಯುತ್ತ ಓದಿದೆ.
ನಾನೇ ಅಳಿಸಿದೆ.

ಇಷ್ಟಾದರೂ ಮುನ್ನೂರೆಂಬತ್ತು ಶಾಲೆಗಳು
ಇನ್ನೂ ಮುಗಿದ ಕೈಗಳನ್ನೇ ಕಳಿಸುತ್ತವೆ.
ಬೇಜಾರಿಲ್ಲ ಎಂದರೆ ಸುಳ್ಳು.
ಅವುಗಳಲ್ಲೂ ಯಾವುದೋ ಕಿಟಕಿ ಪಕ್ಕ
ಕಮ್ಮಾರನ ಮಗನೋ ಇಟ್ಟಿಗೆ ಸುಡುವವಳ ಮಗಳೋ
ನನ್ನ ಇನ್ನೊಂದು ತಪ್ಪನ್ನು ನೋಡಿ ಸುಮ್ಮನಿರಬಹುದು.

ಇವತ್ತು ಬೆಳಕಿನ ಪಾಠ.
ತಸ್ಮಿಯಾ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ
ಎರಡನೇ ಪುಟಕ್ಕೆ ಹೋಗಿದ್ದಾಳೆ.
ಹಿಂದಿನ ಬೆಂಚಿನ ಹುಡುಗ,
ಈ ವರ್ಷ ಒಂದೂ ಮಾತಾಡದವನು,
ಎತ್ತಲೋ ಬೇಡವೋ ಎಂದು
ಕೈಯನ್ನು ಕಿವಿಯವರೆಗೆ ತಂದಿದ್ದಾನೆ.

ಓದುವುದನ್ನು ನಿಲ್ಲಿಸಿದ್ದೇನೆ.