ಸೀಟಿಹಲ್ಲು

ಕುಷ್ಟಗಿಯ ಹಲ್ಲಿನ ದವಾಖಾನ್ಯಾಗ
ಚೀಟಿ ಬರಿಯಾಕಿ ನಾನು.
ಹೆಸರು, ಊರು, ವಯಸ್ಸು,
ಕಡೀಗೆ ಒಂದು ಸಣ್ಣ ಖಾನೆ: ತಕರಾರು.

ಡಾಕ್ಟರಿಗೆ ಹಲ್ಲಂದ್ರ ನಂಬರು.
ಬಂದವರಿಗೆ ಹಂಗಲ್ಲ.

ದೋಟಿಹಾಳದ ಮಾನಪ್ಪ ಬಡಿಗೇರ
ಮಗಳ ಗದ್ದ ಹಿಡಿದು ಎತ್ತಿ ತೋರಿಸಿದ:
‘ಬಾಚಿಹಲ್ಲು ಅಂತ ಕಾಡತಾರ್ರಿ ಸಾಲ್ಯಾಗ.
ಬಾಚಿ ನನ್ನ ಕೈಯಾಗಿದ್ರ ಅನ್ನ,
ಇಕಿ ಬಾಯಾಗಿದ್ರ ಬೈಗಳ. ಹೆಂಗಾತು ಇದು?’
ಹುಡುಗಿ ತುಟಿ ಮುಚ್ಚಿದಳು.
ಹಲ್ಲು ಮುಚ್ಚಲಿಲ್ಲ.

ಕೋರೆಹಲ್ಲು, ಅತ್ತಿ ಅಂದ್ರ,
ಗಂಡನ್ನ ನುಂಗಾಕಿ.
ಅದನ್ನ ಗಂಡ ಅಂದ್ರ, ಬಾಗಿಲು ಹಾಕಿದ ಮ್ಯಾಲ,
ಬ್ಯಾರೆನ ಅರ್ಥ.

ಹಾಲುಹಲ್ಲು ಬಿದ್ದುವಂದ್ರ
ಇನ್ನ ಚಾ ಕುಡೀಬಹುದು, ಹೌದಿಲ್ರಿ?
ಕೇಳಿದ ಒಬ್ಬ ಹುಡುಗ.

ಜ್ವಾಳದಹಲ್ಲು ಅಂದ್ರ ಬಿಳೇದು, ಒತ್ತೊತ್ತು, ಚಂದ.
ಹಕ್ಕಿ ತಿಂದ ತೆನಿ ಹಂಗಿದ್ರೂ ಅದ ಮಾತು.
ಅಂದವರ ಮಾರಿ ನೋಡಿ
ತಿಳಕೋಬೇಕು ಎರಡರಾಗ ಯಾವುದು.

ನನ್ನವು ಕಂದು.
ತುಕ್ಕು ಹಿಡಿದ ತಗಡಿನಂಗ ಪಟ್ಟಿ ಪಟ್ಟಿ.
ಊರಾಗ ಇದಕ್ಕ ಹೆಸರ ಇರಲಿಲ್ಲ.
ಒಂದ ಬೋರು, ಎಲ್ಲಾರಿಗೂ ಅದ ನೀರು.
ಕೊಪ್ಪಳದ ಹಾಸ್ಟೆಲಿನ್ಯಾಗ ಮೊದಲನೇ ರಾತ್ರಿ
ಪಕ್ಕದ ಮಂಚದಾಕಿ ಇಟ್ಟಳು: ಬೋರಹಲ್ಲು.
ಅವತ್ತಿನಿಂದ
ಅಂಗೈ ಅಡ್ಡ ಇಟ್ಟು ನಗತೀನಿ.

ನಿನ್ನೆ ಬಂದಾಕಿ ತಾವರಗೇರಿ ಕಡೆಯ ಹುಲಿಗೆವ್ವ.
ಹೆಗಲ ಮ್ಯಾಲ ಕಂಬಳಿ, ಬಾಯಾಗ ಒಂದೂ ಇಲ್ಲ.
ಸೆಟ್ಟು ಬೇಕು.
‘ಮುಂದಿನ ಎರಡರ ನಡುವ ಸಂದು ಬಿಡಸವ್ವ.’

ಡಾಕ್ಟರು ನಕ್ಕರು.
ಹೊಸಾವು, ಸಾಲಾಗಿ ಕೂಡ್ರಸ್ತೀವಲ್ಲ.
ನಾನೂ ಬಾಯಿ ಹಾಕಿದೆ:
ಸಂದುಹಲ್ಲಿದ್ರ ರೊಕ್ಕ ಸೋರತೈತಿ ಅಂತಾರಲ್ಲ ಆಯಿ?

‘ರೊಕ್ಕ ಎಲ್ಲಿತ್ತು ಸೋರಾಕ?
ಆ ಸಂದ್ಯಾಗಿಂದ ಒಂದು ಸೀಟಿ ಹೊಡದ್ರ
ನೂರಾ ನಾಲ್ವತ್ತು ಕುರಿ
ಒಮ್ಮೆಲೆ ಕುತ್ತಿಗಿ ತಿರುವತಿದ್ವು.
ಈಗ ಬರೇ ಗಾಳಿ.
ನಾ ಕರೀತೀನಿ, ಅವು ಮೇಯತಾವ.’

ಖಾನೆ ಸಣ್ಣದು. ಓರೆಯಾಗಿ ಬರದೆ:
ಸೀಟಿಹಲ್ಲು.

ಡಾಕ್ಟರು ಚೀಟಿ ತಿರುವಿ ಮುರುವಿ ನೋಡಿ
ಇದ್ಯಾವ ರೋಗ ಅಂದ್ರು.

ನಗು ಬಂತು.
ಕೈಯಾಗ ಪೆನ್ನಿತ್ತು.