ಪುಟಕ್ಕೆ ಹದಿನೆಂಟು ರೂಪಾಯಿ

ಚಾಮರಾಜಪೇಟೆ ಐದನೇ ಮೇನು, ಜೆರಾಕ್ಸ್ ಅಂಗಡಿಯ ಒಳಮೂಲೆ.
ಕಿವಿಗೆ ಹೆಡ್‌ಫೋನು, ಕಾಲಡಿಗೆ ಯುಪಿಎಸ್ಸಿನ ಬಿಸಿ.
ಪ್ರೊಫೆಸರ್ ವಾರಿಜಾಕ್ಷಿ ತಂದದ್ದು ಮೊದಲು ಕ್ಯಾಸೆಟ್ಟು, ಆಮೇಲೆ ಸೀಡಿ,
ಆಮೇಲೆ ಉಗುರಿನಷ್ಟು ಪೆನ್‌ಡ್ರೈವು.
ಹತ್ತೊಂಬತ್ತು ವರ್ಷ ಅವರ ಕೆಲಸ
ನನ್ನ ಬೆರಳಿನಿಂದ ಇಳಿದದ್ದು.

ಆಪ್ತಸಮಾಲೋಚನೆ ಅಂತ ಅವರ ಬೋರ್ಡಿನ ಮೇಲಿದೆ.
ನನಗೆ ಗೊತ್ತಿರುವುದು
ಶಾಂತಿನಗರ ಡಿಪೋದ ಹಿಂದಿನ ರೂಮು,
ಫ್ಯಾನಿನ ಕಟಕಟ, ಲೋಟ ಇಟ್ಟ ಸದ್ದು,
"ಹೇಳಿ, ಅವಸರ ಇಲ್ಲ" ಅನ್ನುವ ದನಿ.

ಮೊದಲ ಸಲ ತಂದದ್ದು ಒಂದು ಪ್ರಶ್ನಾವಳಿ,
ಹೊರದೇಶದ್ದು, ಯಾರೋ ಶಿಷ್ಯ ಕನ್ನಡಕ್ಕೆ ಇಳಿಸಿದ್ದು.
"ಇತ್ತೀಚೆಗೆ ನಿಮಗೆ ನೀಲಿಯೆನಿಸುತ್ತಿದೆಯೆ?"
ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.
"ನಸೀಮಾ, ನಿಮ್ಮನೇಲಿ ಇದಕ್ಕೇನಂತಾರೆ?"
ಅಮ್ಮ ಜೀ ಘಾಬ್ರಾ ಹೋರಾ ಅಂತಾಳೆ.
ಪಕ್ಕದ ಮನೆ ರತ್ನಮ್ಮ, ಎದೇಲಿ ಕಲ್ಲು ಕೂತಂಗೆ ಅಂತಾಳೆ.
ರಶೀದಿಯ ಹಿಂದೆ ಬರೆದುಕೊಂಡರು:
ಎದೆಭಾರ, ಹೊಟ್ಟೆಯೊಳಗೆ ತಳಮಳ,
ಕೈಕಾಲು ಬಿದ್ದುಹೋದ ಹಾಗೆ, ಜೀವ ಬಾಯಿಗೆ ಬಂದ ಹಾಗೆ.
ನೀಲಿಗೆ ಅಡ್ಡಗೀಟು ಎಳೆದದ್ದು ಆ ದಿನವೇ.

ಆಮೇಲೆ ಮೌನ ಹಿಡಿದರು.
ಮಾತಿನ ನಡುವೆ ಮನುಷ್ಯ ಎಷ್ಟು ಹೊತ್ತು ನಿಲ್ಲುತ್ತಾನೆ,
ನಿಂತವನನ್ನು ಯಾವಾಗ ತಳ್ಳಬಾರದು.
ಮೂರು ಸೆಕೆಂಡು ದಾಟಿದರೆ ಕಂಸದಲ್ಲಿ ಹಾಕು ಅಂದರು.
ನಾನು ಟೈಪ್ ಮಾಡುವುದು ನುಡಿಯಲ್ಲಿ.
ನುಡಿಯಲ್ಲಿ ಮೌನಕ್ಕೆ ಕೀಲಿ ಇಲ್ಲ.
(ಮೌನ, ನಾಲ್ಕು.) (ಮೌನ, ಹನ್ನೊಂದು.)
ಗೋಡೆ ಗಡಿಯಾರ ನೋಡುತ್ತಾ ಗಂಡಸರ ಮೌನ ಎಣಿಸಿದ್ದೇನೆ,
ಪುಟಕ್ಕೆ ಹದಿನೆಂಟು ರೂಪಾಯಿಯಂತೆ.

ಕಂಡಕ್ಟರ್ ಹದಿನಾಲ್ಕು. ಹೆಸರು ನನಗೂ ಗೊತ್ತಾಗಕೂಡದು.
"ನಿದ್ದೇಲೂ ರೈಟ್ ರೈಟ್ ಅಂತೀನಂತೆ ಮೇಡಂ,
ಯಾರೋ ಹತ್ತುತಾರೆ ಅಂತ ಹೆಂಡ್ತಿ ಪಕ್ಕಕ್ಕೆ ಸರೀತಾಳಂತೆ."
(ನಗು. ಮೌನ, ಒಂಬತ್ತು.)
"ಚಿಲ್ಲರೆ ಇಲ್ಲ ಅಂದಿದ್ದಕ್ಕೆ ಒಬ್ಬ ಹುಡುಗ ಕೆನ್ನೆಗೆ ಹೊಡೆದ.
ನನ್ನ ಮಗನ ವಯಸ್ಸು.
ಬಸ್ಸು ನಿಲ್ಲಲಿಲ್ಲ. ನಾನೇ ರೈಟ್ ಅಂದಿದ್ದೆ."
(ಮೌನ, ಇಪ್ಪತ್ತಾರು.)

ಹೊರಡುವಾಗ ಬಾಗಿಲ ಹತ್ತಿರದಿಂದ, ಕೇಳಿಸಿಯೂ ಕೇಳಿಸದ ಹಾಗೆ:
"ನಮ್ಮದೆಲ್ಲ ಕೇಳ್ಕೊಂಡು ನೀವು ಯಾರ ಹತ್ರ ಹೋಗ್ತೀರ ಮೇಡಂ?"

ಫ್ಯಾನು. ದೂರದಲ್ಲಿ ರಿವರ್ಸ್ ತೆಗೆಯುವ ಬಸ್ಸಿಗೆ ಸೀಟಿ.
ಎಣಿಸಿದೆ. ಹಿಂದಕ್ಕೆ ಓಡಿಸಿ ಮತ್ತೆ ಎಣಿಸಿದೆ.
ನಲವತ್ತೊಂದು.

ಅವರ ಕೋಷ್ಟಕದಲ್ಲಿ ಸಮಾಲೋಚಕರ ಮೌನಕ್ಕೆ ಕಾಲಂ ಇಲ್ಲ.
ಹಾಕಲೋ ಬಿಡಲೋ ಎಂದು ಫೋನು ಮಾಡಿದೆ.
ಆ ಕಡೆಯೂ ಸ್ವಲ್ಪ ಹೊತ್ತು, ಅಭ್ಯಾಸಬಲ, ಎಣಿಸತೊಡಗಿದ್ದೆ,
"ಹಾಕು" ಅಂದರು. "ಕಂಸ ಬೇಡ."

ಮೇ ತಿಂಗಳಲ್ಲಿ ನಿವೃತ್ತಿ.
ವಿಭಾಗದವರು ಕೇಳಿದ ಒಂದು ಪುಟದ ಪರಿಚಯ ನನ್ನ ಮುಂದಿದೆ.
ಎಷ್ಟು ಪಿಎಚ್‌ಡಿ, ಎಷ್ಟು ಲೇಖನ, ಯಾವ ವರ್ಷ ರೀಡರ್.
ಆಸಕ್ತಿಯ ಕ್ಷೇತ್ರ ಅನ್ನುವ ಕಡೆ ಖಾಲಿ ಬಿಟ್ಟಿದ್ದಾರೆ,
ಮರೆತದ್ದೋ, ಬೇಕೆಂದೇ ಬಿಟ್ಟದ್ದೋ.
ಕರ್ಸರು ಅಲ್ಲೇ ಮಿಟುಕುತ್ತಾ ಇದೆ.
ನಾನು ತುಂಬಿಲ್ಲ. ಕೇಳಿಯೂ ಇಲ್ಲ.
ಹೊರಗೆ ಮೇನಿನಲ್ಲಿ ಯಾರೋ
ಹೋಲ್ಡಾನ್ ಅಂದ.